ಕಡಲ ಕಲ್ಲಿಗೂ ಒಂದು ಪಡಿಯಚ್ಚು

ಪುಣೆ ಬಳಿಯ ನಿಗಡಿಯಲ್ಲಿ ನಿಂತರೆ ಕಡಲು ಕಾಣುವುದಿಲ್ಲ. ಪಡುವಣಕ್ಕೆ ಸಹ್ಯಾದ್ರಿ, ಅದರಾಚೆ ಕೊಂಕಣದ ಇಳಿಜಾರು, ಆಮೇಲೆ ನೀರು. ನಕ್ಷೆಯ ಮೇಲೆ ನೇರ ಗೆರೆ ಎಳೆದರೂ ನೂರು ಕಿಲೋಮೀಟರಿನಷ್ಟು ದೂರ. ಆದರೂ ಈ ಊರಿಗೂ ಕಡಲಿಗೂ ಹಳೆಯ ನಂಟಿದೆ. ಇಲ್ಲಿನ ಭಕ್ತಿ–ಶಕ್ತಿ ಚೌಕದಿಂದ ಹಳೆಯ ಮುಂಬಯಿ ರಸ್ತೆ ಹಿಡಿದರೆ ಒಂದು ಗಂಟೆಯಲ್ಲಿ ಕಾರ್ಲೆಯ ಗುಹೆಗಳು ಸಿಗುತ್ತವೆ. ಅಲ್ಲಿನ ಚೈತ್ಯದ ಕಂಬಗಳ ಮೇಲೆ ಧೇನುಕಾಕಟ ಎಂಬ ಊರಿನ ಯವನರು ಕೊಟ್ಟ ದಾನದ ಬರಹಗಳಿವೆ. ಚೌಲ, ಕಲ್ಯಾಣ, ಸೋಪಾರದ ರೇವುಗಳಲ್ಲಿ ಇಳಿದ ಸರಕು ಘಟ್ಟ ಹತ್ತಿ ದಖ್ಖನಿಗೆ ಬರುತ್ತಿದ್ದ ದಾರಿಗಳಲ್ಲಿ ಇದೂ ಒಂದು. ಇನ್ನೂ ತೆಂಕಣಕ್ಕೆ, ಕನ್ನಡ ನಾಡಿಗೆ ತಾಗಿಕೊಂಡ ಕೊಲ್ಲಾಪುರದ ಬ್ರಹ್ಮಪುರಿ ದಿಬ್ಬದಲ್ಲಿ 1940ರ ದಶಕದಲ್ಲಿ ಗ್ರೀಕರ ಕಡಲ ದೇವರು ಪೊಸೈಡಾನ್‌ನ ಪುಟ್ಟ ಕಂಚಿನ ಮೂರ್ತಿ ಸಿಕ್ಕಿತು. ಕಡಲಿನ ಚರಿತ್ರೆ ದಡದಲ್ಲೇ ನಿಲ್ಲುವುದಿಲ್ಲ ಎಂಬುದಕ್ಕೆ ಇಷ್ಟು ಸಾಕು.

ನಿಗಡಿಗೆ ಇನ್ನೊಂದು ಗುರುತೂ ಇದೆ. ಚಿಂಚವಡ, ಭೋಸರಿ, ಚಾಕಣ, ತಳೇಗಾಂವದ ಕಾರ್ಖಾನೆಗಳ ನಡುವೆ ಇರುವ ಊರು ಇದು. ವಾಹನದ ಬಿಡಿಭಾಗವೊಂದು ಇಲ್ಲಿಂದ ಹೊರಡುವ ಮೊದಲು ಹತ್ತು ಸಲ ಅಳತೆಗೆ ಒಳಗಾಗುತ್ತದೆ. ಮುಟ್ಟಿ ಅಳೆಯುವ ಯಂತ್ರಗಳು, ಬೆಳಕು ಬೀರಿ ಅಳೆಯುವ ಸ್ಕ್ಯಾನರುಗಳು, ನಕ್ಷೆ ಕಳೆದುಹೋದ ಹಳೆಯ ಭಾಗವನ್ನು ನೋಡಿ ಹೊಸ ನಕ್ಷೆ ಬರೆಯುವ ಕೈಗಳು ಈ ಪಟ್ಟಿಯಲ್ಲಿ ಸಾಕಷ್ಟಿವೆ. ಇಲ್ಲಿಂದ ಒಂದು ಗಂಟೆಯ ದಾರಿಯಲ್ಲಿ, ಪುಣೆಯ ಇನ್ನೊಂದು ಮಗ್ಗುಲಲ್ಲಿ, 1821ರಲ್ಲಿ ಹುಟ್ಟಿದ ಡೆಕ್ಕನ್ ಕಾಲೇಜಿದೆ. ಎಚ್. ಡಿ. ಸಾಂಕಲಿಯಾ ಅವರು ಪುರಾತತ್ವದ ಹಲವು ತಲೆಮಾರುಗಳನ್ನು ಬೆಳೆಸಿದ ಜಾಗ ಅದು. ಅಳತೆಯ ವಿದ್ಯೆ ಒಂದು ಕಡೆ, ಹಳೆಯದನ್ನು ಓದುವ ವಿದ್ಯೆ ಇನ್ನೊಂದು ಕಡೆ. ಕಡಲಿನಿಂದ ಬಂದ ವಸ್ತುಗಳ ಮೂರು ಆಯಾಮದ ದಾಖಲಾತಿ ಈ ಎರಡೂ ಕೂಡುವ ಕೆಲಸ. ಜಗತ್ತಿನಲ್ಲಿ ಈ ಕೆಲಸ ಎಲ್ಲಿಯವರೆಗೆ ಬಂದಿದೆ, ಯಾವ ವಿಧಾನ ಯಾವುದಕ್ಕೆ ಒಗ್ಗುತ್ತದೆ, ನಮ್ಮ ಪಡುವಣ ತೀರಕ್ಕೆ ಯಾವುದು ಬೇಕು ಎಂಬುದನ್ನು ಒಟ್ಟಿಗೆ ನೋಡುವುದು ಈ ಬರಹದ ಉದ್ದೇಶ.

ಮೇಲೆ ತಂದ ಗಳಿಗೆಯಿಂದಲೇ

ನೆಲದಲ್ಲಿ ಸಿಕ್ಕ ಮಡಕೆಯನ್ನು ಇಂದು ಅಳೆಯದಿದ್ದರೆ ನಾಳೆ ಅಳೆಯಬಹುದು. ಕಡಲಲ್ಲಿ ಸಿಕ್ಕದ್ದಕ್ಕೆ ಆ ಬಿಡುವಿಲ್ಲ. ಉಪ್ಪುನೀರಿನಲ್ಲಿ ಶತಮಾನಗಟ್ಟಲೆ ಮಲಗಿದ ವಸ್ತು ಅಲ್ಲಿನ ಸ್ಥಿತಿಗೆ ಹೊಂದಿಕೊಂಡುಬಿಟ್ಟಿರುತ್ತದೆ. ಮೇಲೆ ತಂದ ಕೂಡಲೇ ಆ ಹೊಂದಾಣಿಕೆ ಕೆಡುತ್ತದೆ. ಮಣ್ಣಿನ ಪಾತ್ರೆಯ ಸೂಕ್ಷ್ಮ ರಂಧ್ರಗಳಲ್ಲಿ ಇಂಗಿದ ಉಪ್ಪು, ನೀರು ಆರುತ್ತಿದ್ದಂತೆ ಹರಳುಗಟ್ಟಿ ಮೇಲ್ಮೈಯನ್ನು ಹಕ್ಕಳೆ ಹಕ್ಕಳೆಯಾಗಿ ಎಬ್ಬಿಸುತ್ತದೆ. ಕಬ್ಬಿಣ ಗಾಳಿ ತಗುಲಿದೊಡನೆ ವೇಗವಾಗಿ ತುಕ್ಕು ಹಿಡಿದು ಸೀಳುತ್ತದೆ. ಮರದ್ದು ಇನ್ನೂ ಕಷ್ಟ. ಅದರ ಒಳಗಿನ ಗಟ್ಟಿ ಅಂಶವನ್ನು ಸೂಕ್ಷ್ಮಜೀವಿಗಳು ತಿಂದಿರುತ್ತವೆ, ಆಕಾರವನ್ನು ಹಿಡಿದು ನಿಲ್ಲಿಸಿರುವುದು ಒಳಗೆ ತುಂಬಿದ ನೀರು ಮಾತ್ರ. ನೀರು ಇಳಿದರೆ ಹಲಗೆ ಸುರುಟಿಕೊಳ್ಳುತ್ತದೆ, ಬಿರಿಯುತ್ತದೆ, ಕುಗ್ಗುತ್ತದೆ.

ಸ್ವೀಡನ್ನಿನ ವಾಸಾ ಹಡಗು 1628ರಲ್ಲಿ ಮುಳುಗಿ 1961ರಲ್ಲಿ ಮೇಲೆ ಬಂದಾಗ ಅದರ ಮರವನ್ನು ಉಳಿಸಲು ಪಾಲಿಎಥಿಲೀನ್ ಗ್ಲೈಕಾಲ್ ಎಂಬ ಮೇಣದಂಥ ದ್ರಾವಣವನ್ನು 17 ವರ್ಷ ಸಿಂಪಡಿಸಬೇಕಾಯಿತು. ಇಷ್ಟು ಆರೈಕೆ ಮಾಡಿದರೂ ಮರ ಸ್ವಲ್ಪ ಬದಲಾಗಿಯೇ ಬದಲಾಗುತ್ತದೆ. ಎಷ್ಟು ಬದಲಾಯಿತು ಎಂದು ಹೇಳಬೇಕಾದರೆ ಮೊದಲ ದಿನದ ಅಳತೆ ಕೈಯಲ್ಲಿರಬೇಕು. ಮೂರು ಆಯಾಮದ ದಾಖಲೆಯ ಮೊದಲ ಪ್ರಯೋಜನ ಇದು: ನೀರಿಂದ ತೆಗೆದ ದಿನದ ಆಕಾರವನ್ನೂ ಸಂರಕ್ಷಣೆ ಮುಗಿದ ದಿನದ ಆಕಾರವನ್ನೂ ಒಂದರ ಮೇಲೊಂದು ಇಟ್ಟರೆ, ಎಲ್ಲಿ ಎಷ್ಟು ಮಿಲಿಮೀಟರ್ ಕುಗ್ಗಿದೆ ಎಂಬುದು ಬಣ್ಣಗಳಲ್ಲಿ ಕಾಣುತ್ತದೆ. ಎರಡನೆಯದು, ಮುಟ್ಟಿದರೆ ಪುಡಿಯಾಗುವ ವಸ್ತುವನ್ನು ಪದೇ ಪದೇ ಕೈಗೆತ್ತಿಕೊಳ್ಳದೆ ಅಧ್ಯಯನ ಮಾಡಬಹುದು. ಮೂರನೆಯದು, ಎತ್ತದೆ ಕಡಲ ತಳದಲ್ಲೇ ಬಿಟ್ಟದ್ದನ್ನೂ ದಾಖಲಿಸಬಹುದು. ನೀರಡಿಯ ಪರಂಪರೆಯ ಬಗ್ಗೆ ಯುನೆಸ್ಕೊ 2001ರಲ್ಲಿ ಮಾಡಿದ ಒಡಂಬಡಿಕೆ, ವಸ್ತುವನ್ನು ಇದ್ದಲ್ಲೇ ಉಳಿಸುವುದನ್ನು ಮೊದಲ ಆಯ್ಕೆಯಾಗಿ ಪರಿಗಣಿಸಬೇಕೆನ್ನುತ್ತದೆ. ಎತ್ತದೆ ಬಿಡುವ ಧೈರ್ಯ ಬರುವುದು ಒಳ್ಳೆಯ ದಾಖಲೆ ಇದ್ದಾಗ.

ಟೇಪು, ಪೆನ್ಸಿಲ್ಲು, ಪಾರದರ್ಶಕ ಹಾಳೆ

ಡಿಜಿಟಲ್ ಸಾಧನ ಬರುವ ಮೊದಲೂ ಈ ಕೆಲಸ ಗಂಭೀರವಾಗಿಯೇ ನಡೆದಿತ್ತು. 1960ರಲ್ಲಿ ಪುರಾತತ್ವಜ್ಞ ಜಾರ್ಜ್ ಬಾಸ್ ಟರ್ಕಿಯ ಗೆಲಿಡೋನ್ಯ ಭೂಶಿರದ ಬಳಿ ನೆಲದ ಉತ್ಖನನದ ಶಿಸ್ತನ್ನು ನೀರೊಳಗೆ ಒಯ್ದರು. ಮುಂದೆ ಅದೇ ದೇಶದ ಯಾಸ್ಸಿಅದಾದಲ್ಲಿ ಅವರ ತಂಡ ಎರಡು ಕೋನಗಳಿಂದ ತೆಗೆದ ಜೋಡಿ ಫೋಟೊಗಳಿಂದ ಅಳತೆ ಪಡೆಯುವ ಪ್ರಯೋಗ ಮಾಡಿತು. ಇಂದಿನ ಫೋಟೊ ವಿಧಾನದ ಬೇರು ಅಲ್ಲಿದೆ. ಡೆನ್ಮಾರ್ಕಿನ ಸ್ಕುಲ್ಡೆಲೆವ್‌ನಲ್ಲಿ 1962ರಲ್ಲಿ ಐದು ವೈಕಿಂಗ್ ಹಡಗುಗಳನ್ನು ಅಗೆದು ತೆಗೆದ ಮೇಲೆ, ಪ್ರತಿ ಹಲಗೆಯ ಮೇಲೂ ಪಾರದರ್ಶಕ ಹಾಳೆ ಹಿಡಿದು ಅದರ ನಿಜ ಅಳತೆಯಲ್ಲೇ ಗೆರೆ ಎಳೆದುಕೊಂಡರು. ಇಂಗ್ಲೆಂಡಿನ ಮೇರಿ ರೋಸ್ ಹಡಗು 1545ರಲ್ಲಿ ಮುಳುಗಿದ್ದು, 1982ರಲ್ಲಿ ಮೇಲೆದ್ದಿತು. ಅದರ ಉತ್ಖನನದಲ್ಲಿ ಗೊತ್ತುಪಡಿಸಿದ ಬಿಂದುಗಳಿಂದ ಟೇಪು ಎಳೆದು, ಆ ದೂರಗಳನ್ನು ಕಂಪ್ಯೂಟರಿಗೆ ಕೊಟ್ಟು ಪ್ರತಿ ವಸ್ತುವಿನ ಸ್ಥಾನವನ್ನು ಮೂರು ಆಯಾಮದಲ್ಲಿ ಗುರುತಿಸುವ ಕ್ರಮ ರೂಪುಗೊಂಡಿತು.

ಭಾರತದಲ್ಲಿ ಕಡಲ ಪುರಾತತ್ವಕ್ಕೆ ಬುನಾದಿ ಹಾಕಿದವರು ಕನ್ನಡಿಗರೇ ಆದ ಶಿಕಾರಿಪುರ ರಂಗನಾಥ ರಾವ್. 1954ರಲ್ಲಿ ಲೋಥಲನ್ನು ಬೆಳಕಿಗೆ ತಂದ ಎಸ್. ಆರ್. ರಾವ್ ಅವರ ಮುಂದಾಳತ್ವದಲ್ಲಿ, ಗೋವಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯಲ್ಲಿ 1981ರಲ್ಲಿ ಕಡಲ ಪುರಾತತ್ವ ಕೇಂದ್ರ ಶುರುವಾಯಿತು. ಆ ದಶಕದಲ್ಲಿ ದ್ವಾರಕೆಯ ನೀರಿನಲ್ಲಿ ನಡೆದ ಶೋಧಗಳು ಕಲ್ಲಿನ ಕಟ್ಟಡ ಭಾಗಗಳನ್ನೂ ಲಂಗರುಗಳನ್ನೂ ತೋರಿಸಿದವು. ಅಲೆಯ ಸೆಳೆತದಲ್ಲಿ ತೇಲುತ್ತ, ಪ್ಲಾಸ್ಟಿಕ್ ಹಾಳೆಯ ಮೇಲೆ ಪೆನ್ಸಿಲಿನಿಂದ ಬರೆಯುತ್ತ ಮುಳುಗುಗಾರರು ತಂದ ಅಳತೆಗಳೇ ಇಂದಿಗೂ ನಮ್ಮ ಅಡಿಪಾಯ. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ 2001ರಲ್ಲಿ ತನ್ನದೇ ನೀರಡಿ ಪುರಾತತ್ವ ವಿಭಾಗವನ್ನು ತೆರೆಯಿತು.

ಕೈಯಳತೆಗೆ ಒಂದು ದೊಡ್ಡ ಗುಣವಿದೆ. ಗೆರೆ ಎಳೆಯುವವನು ನೋಡಲೇಬೇಕು. ಯಾವುದು ಉಳಿಯ ಗುರುತು, ಯಾವುದು ಹುಳು ಕೊರೆದದ್ದು ಎಂದು ತೀರ್ಮಾನಿಸದೆ ಗೆರೆ ಮೂಡುವುದಿಲ್ಲ. ಅದರ ಕೊರತೆಯೂ ಸ್ಪಷ್ಟ: ನಿಧಾನ, ಆಯ್ದ ಕೆಲವು ಅಡ್ಡಸೀಳಿಕೆಗಳಷ್ಟೇ ದಾಖಲಾಗುತ್ತವೆ, ಇಬ್ಬರು ಅಳೆದರೆ ಎರಡು ಉತ್ತರ ಬರುತ್ತದೆ.

ಮುಟ್ಟಿ ಅಳೆಯುವ ತೋಳು

ಹಡಗಿನ ಮರಗಳ ದಾಖಲಾತಿಯಲ್ಲಿ ದೊಡ್ಡ ತಿರುವು ತಂದದ್ದು ಕಾರ್ಖಾನೆಯ ಸಾಧನ. ಮೊಣಕೈ, ಮಣಿಕಟ್ಟಿನಂತೆ ಕೀಲುಗಳಿರುವ ಲೋಹದ ತೋಳು, ತುದಿಯಲ್ಲೊಂದು ಮೊನೆ. ಮೊನೆಯನ್ನು ವಸ್ತುವಿನ ಮೇಲೆ ಆಡಿಸಿದಂತೆ, ಪ್ರತಿ ಕೀಲು ಎಷ್ಟು ತಿರುಗಿದೆ ಎಂಬುದರಿಂದ ಮೊನೆಯ ಸ್ಥಾನ ಲೆಕ್ಕವಾಗಿ ಕಂಪ್ಯೂಟರಿನಲ್ಲಿ ಗೆರೆ ಮೂಡುತ್ತದೆ. ಮಿಲಿಮೀಟರಿನ ನೂರನೇ ಒಂದು ಭಾಗದ ಆಸುಪಾಸಿನ ನಿಖರತೆ ಇದಕ್ಕಿದೆ. ಪಿಂಪರಿ–ಚಾಕಣದ ಗುಣಪರೀಕ್ಷಾ ವಿಭಾಗಗಳಲ್ಲಿ ದುಡಿದವರಿಗೆ ಇದು ಹೊಸತಲ್ಲ.

ವೇಲ್ಸ್‌ನ ನ್ಯೂಪೋರ್ಟ್‌ನಲ್ಲಿ 2002ರಲ್ಲಿ ಕಟ್ಟಡವೊಂದರ ಪಾಯ ತೋಡುವಾಗ 15ನೇ ಶತಮಾನದ ಹಡಗು ಸಿಕ್ಕಿತು. ಅದರ ಎರಡು ಸಾವಿರದಷ್ಟು ಮರದ ತುಂಡುಗಳನ್ನು ಇಂಥ ತೋಳುಗಳಿಂದ ಒಂದೊಂದಾಗಿ ಅಳೆದರು. ಅಂಚಿಗೆ ಒಂದು ಬಣ್ಣ, ಮೊಳೆಯ ತೂತಿಗೆ ಇನ್ನೊಂದು, ಮರದ ಎಳೆಗೆ ಮತ್ತೊಂದು, ಹೀಗೆ ಪ್ರತಿ ಲಕ್ಷಣ ಬೇರೆ ಬೇರೆ ಪದರದಲ್ಲಿ ಸೇರಿತು. ಆಮೇಲೆ ಪ್ರತಿ ತುಂಡನ್ನೂ ಹತ್ತರಲ್ಲಿ ಒಂದು ಪ್ರಮಾಣಕ್ಕೆ ಇಳಿಸಿ ನೈಲಾನ್ ಪುಡಿಯಲ್ಲಿ ಮುದ್ರಿಸಿ, ಮೂಲ ಹಡಗಿನ ಮೊಳೆತೂತುಗಳು ಒಂದಕ್ಕೊಂದು ಕೂಡುವಂತೆ ಜೋಡಿಸಿದರು. ಹಡಗು ಯಾವ ಆಕಾರದಲ್ಲಿತ್ತು ಎಂಬುದನ್ನು ಊಹೆಯ ಬದಲು ಮರಗಳೇ ಹೇಳಿದವು. ತೋಳಿನ ಹೆಚ್ಚುಗಾರಿಕೆ ಇದರಲ್ಲಿದೆ: ನಿಖರತೆ ಯಂತ್ರದ್ದು, ತೀರ್ಪು ಮನುಷ್ಯನದ್ದು. ಆದರೆ ತುಂಡನ್ನು ಮೇಜಿನ ಮೇಲೆ ತರಲೇಬೇಕು, ಮೃದುವಾದ ಮೇಲ್ಮೈಗೆ ಮೊನೆ ತಾಗುತ್ತದೆ, ಯಂತ್ರದ ಬೆಲೆಯೂ ದೊಡ್ಡದು.

ಬೆಳಕಿನಿಂದ ಅಳೆಯುವುದು

ಲೇಸರ್ ಸ್ಕ್ಯಾನರು ಬೆಳಕಿನ ಗೆರೆಯನ್ನು ವಸ್ತುವಿನ ಮೇಲೆ ಹಾಯಿಸುತ್ತದೆ. ರಚಿತ ಬೆಳಕಿನ ಸ್ಕ್ಯಾನರು ಪಟ್ಟೆಪಟ್ಟೆಯ ಬೆಳಕನ್ನು ಬೀರುತ್ತದೆ. ಉಬ್ಬು ತಗ್ಗಿನ ಮೇಲೆ ಆ ಪಟ್ಟೆಗಳು ಹೇಗೆ ಬಾಗುತ್ತವೆ ಎಂಬುದನ್ನು ಕ್ಯಾಮೆರಾ ನೋಡಿ ಆಕಾರವನ್ನು ಲೆಕ್ಕ ಹಾಕುತ್ತದೆ. ಕೈಯಲ್ಲಿ ಹಿಡಿದು ಸುತ್ತಬಹುದಾದ ಸ್ಕ್ಯಾನರುಗಳು ಒಂದು ಮಿಲಿಮೀಟರಿನ ಹತ್ತನೇ ಒಂದರಿಂದ ಅರ್ಧದವರೆಗಿನ ನಿಖರತೆಯಲ್ಲಿ ಕೆಲವೇ ನಿಮಿಷದಲ್ಲಿ ಕೆಲಸ ಮುಗಿಸುತ್ತವೆ.

ಇದಕ್ಕೆ ಕನ್ನಡದ್ದೇ ಒಳ್ಳೆಯ ನಿದರ್ಶನವಿದೆ. ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಲ್ಲಿ ಶಾಸನಗಳ ತ್ರೀಡಿ ಡಿಜಿಟಲ್ ಸಂರಕ್ಷಣೆಯ ಯೋಜನೆಯನ್ನು ಕೈಗೆತ್ತಿಕೊಂಡಿತು. ಪಿ. ಎಲ್. ಉದಯಕುಮಾರ್ ಅವರ ನೇತೃತ್ವದ ತಂಡ ಊರೂರು ಅಲೆದು ಕಲ್ಲುಗಳನ್ನು ಸ್ಕ್ಯಾನ್ ಮಾಡಿ ಮಾದರಿಗಳನ್ನು ಎಲ್ಲರಿಗೂ ತೆರೆದಿಟ್ಟಿದೆ. ಹೆಬ್ಬಾಳದ ಕಿತ್ತಯ್ಯನ ವೀರಗಲ್ಲು ಸುಮಾರು ಕ್ರಿ.ಶ. 750ರದ್ದು. ಕಣ್ಣಿಗೆ ಮಸುಕಾದ ಇಂಥ ಅಕ್ಷರಗಳು ಬಣ್ಣ ತೆಗೆದ ಮಾದರಿಯ ಮೇಲೆ ಓರೆ ಬೆಳಕು ಬಿಟ್ಟಾಗ ಎದ್ದು ನಿಲ್ಲುತ್ತವೆ. ಕಡಲಿಗೆ ಸಂಬಂಧಿಸಿದ ಕಲ್ಲುಗಳಿಗೂ ಇದೇ ಕೆಲಸ ನೇರವಾಗಿ ಸಲ್ಲುತ್ತದೆ. ಮುಂಬಯಿಯ ಬೋರಿವಲಿ ಹತ್ತಿರದ ಏಕ್ಸರದಲ್ಲಿ ಹಡಗುಗಳ ಕಾಳಗ ಕೆತ್ತಿದ ವೀರಗಲ್ಲುಗಳಿವೆ. ಗೋವಾದಲ್ಲಿ ಕದಂಬರ ಕಾಲದ, ದೋಣಿ ಕೆತ್ತಿದ ವೀರಗಲ್ಲುಗಳಿವೆ. ಹುಟ್ಟುಗಳ ಸಾಲು, ಹಾಯಿಮರ, ಹಿಂಬದಿಯ ಚುಕ್ಕಾಣಿ ಮಳೆಗಾಳಿಗೆ ಸವೆಯುತ್ತಿವೆ. ಒಂದೊಂದು ಮಳೆಗಾಲವೂ ಅವುಗಳನ್ನು ಸ್ವಲ್ಪ ಸ್ವಲ್ಪವೇ ಒರೆಸಿ ಹೋಗುತ್ತದೆ.

ಬೆಳಕಿನ ವಿಧಾನಕ್ಕೆ ಹೊಳೆಯುವುದು ಆಗದು, ಕಡುಗಪ್ಪು ಆಗದು, ಪಾರದರ್ಶಕವಾದದ್ದಂತೂ ಆಗದು. ಕಡಲ ವಸ್ತುಗಳಲ್ಲಿ ಈ ಮೂರೂ ಇವೆ. ನೀರಲ್ಲಿಟ್ಟು ತೆಗೆದ ಮರ ಒದ್ದೆಯಾಗಿ ಮಿನುಗುತ್ತದೆ, ಚೀನೀ ಪಿಂಗಾಣಿ ಬೆಳಕನ್ನು ಎಸೆಯುತ್ತದೆ, ಗಾಜು ಬೆಳಕನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಕಾರ್ಖಾನೆಯಲ್ಲಿ ಇಂಥ ಭಾಗಕ್ಕೆ ಬಿಳಿ ಪುಡಿ ಸಿಂಪಡಿಸಿ ಸ್ಕ್ಯಾನ್ ಮಾಡುವುದು ರೂಢಿ. ನಾನೂರು ವರ್ಷ ಹಳೆಯ ಪಾತ್ರೆಗೆ ಹಾಗೆ ಮಾಡಬಾರದು. ಅದರ ರಂಧ್ರದಲ್ಲಿ ಉಳಿದಿರುವ ಎಣ್ಣೆ, ಧಾನ್ಯ, ಮದ್ಯದ ಕುರುಹು ಆ ಪುಡಿಯಿಂದ ಕೆಡಬಹುದು. ಕಾರ್ಖಾನೆಯ ಜಾಣ್ಮೆಯನ್ನು ಪುರಾತತ್ವಕ್ಕೆ ತರುವಾಗ ಏನನ್ನು ಬಿಟ್ಟುಬರಬೇಕು ಎಂಬುದನ್ನೂ ಕಲಿಯಬೇಕು.

ಫೋಟೊಗಳಿಂದ ಆಕಾರ

ಕಳೆದ ಹದಿನೈದು ವರ್ಷಗಳಲ್ಲಿ ಈ ಕ್ಷೇತ್ರವನ್ನು ನಿಜವಾಗಿ ಬದಲಿಸಿದ್ದು ಫೋಟೊಗ್ರಾಮೆಟ್ರಿ. ಒಂದೇ ವಸ್ತುವಿನ ನೂರಾರು ಫೋಟೊಗಳನ್ನು, ಒಂದು ಇನ್ನೊಂದರ ಮೇಲೆ ಮುಕ್ಕಾಲು ಪಾಲು ಹಾಯುವಂತೆ ತೆಗೆದರೆ, ಒಂದಕ್ಕಿಂತ ಹೆಚ್ಚು ಫೋಟೊಗಳಲ್ಲಿ ಕಾಣುವ ಸಾಮಾನ್ಯ ಬಿಂದುಗಳನ್ನು ಗುರುತಿಸಿ ಕ್ಯಾಮೆರಾ ಎಲ್ಲೆಲ್ಲಿ ನಿಂತಿತ್ತು, ವಸ್ತು ಯಾವ ಆಕಾರದ್ದು ಎಂಬ ಎರಡನ್ನೂ ತಂತ್ರಾಂಶ ಒಟ್ಟಿಗೆ ಬಿಡಿಸುತ್ತದೆ. ಮೆಟಾಶೇಪ್, ರಿಯಾಲಿಟಿಕ್ಯಾಪ್ಚರ್‌ನಂಥ ತಂತ್ರಾಂಶಗಳು ಬಳಕೆಯಲ್ಲಿವೆ. ಮೆಶ್‌ರೂಮ್, ಕೋಲ್ಮ್ಯಾಪ್ ಉಚಿತವಾಗಿಯೇ ಸಿಗುತ್ತವೆ. ಸಾಧಾರಣ ಕ್ಯಾಮೆರಾ, ಅಳತೆ ಪಟ್ಟಿ, ತಾಳ್ಮೆ ಇದ್ದರೆ ಮೇಜಿನ ಮೇಲಿನ ವಸ್ತುವಿನಲ್ಲಿ ಮಿಲಿಮೀಟರಿಗಿಂತ ಸೂಕ್ಷ್ಮವಾದ ವಿವರ ಪಡೆಯಬಹುದು. ಮೇಲ್ಮೈಯ ಬಣ್ಣವೂ ಜತೆಗೇ ಬರುತ್ತದೆ.

ನೀರಿನೊಳಗೆ ಇದೇ ಕೆಲಸಕ್ಕೆ ಮೂರು ಅಡ್ಡಿಗಳಿವೆ. ಮೊದಲನೆಯದು ವಕ್ರೀಭವನ. ನೀರಿನ ವಕ್ರೀಭವನಾಂಕ 1.33ರಷ್ಟಿರುವುದರಿಂದ, ಚಪ್ಪಟೆ ಗಾಜಿನ ಹಿಂದಿನ ಕ್ಯಾಮೆರಾಕ್ಕೆ ವಸ್ತು ಇದ್ದದ್ದಕ್ಕಿಂತ ಹತ್ತಿರವಾಗಿ, ದೊಡ್ಡದಾಗಿ, ಅಂಚಿನಲ್ಲಿ ಸೊಟ್ಟಗೆ ಕಾಣುತ್ತದೆ. ಗುಮ್ಮಟದಾಕಾರದ ಗಾಜು ಇದನ್ನು ಬಹುಮಟ್ಟಿಗೆ ತಗ್ಗಿಸುತ್ತದೆ. ಎರಡನೆಯದು ಬಣ್ಣ. ನೀರು ಮೊದಲು ನುಂಗುವುದು ಕೆಂಪನ್ನು. ಕೆಲವು ಮೀಟರು ಇಳಿಯುವಷ್ಟರಲ್ಲಿ ಕೆಂಪು ಹಂಚು ಬೂದಿಯಾಗಿ ಕಾಣತೊಡಗುತ್ತದೆ. ದೀಪ ಒಯ್ಯಬೇಕು, ಬಣ್ಣದ ಮಾದರಿ ಹಲಗೆಯನ್ನು ಫೋಟೊದೊಳಗೆ ಇಡಬೇಕು. ಮೂರನೆಯದು ಬಗ್ಗಡ. ಮಳೆಗಾಲದಲ್ಲಿ ನಮ್ಮ ನದಿಗಳು ತರುವ ಹೂಳು ಪಡುವಣ ತೀರದ ನೀರನ್ನು ಕದಡಿಬಿಡುತ್ತದೆ. ತಿಳಿಯಾಗುವ ಕೆಲವೇ ತಿಂಗಳುಗಳಲ್ಲಿ ಕೆಲಸ ಮುಗಿಸಬೇಕು. ಈ ಮೂರನ್ನು ಗೆದ್ದರೂ ಅಳತೆ ತಾನಾಗಿ ಬರುವುದಿಲ್ಲ. ಉದ್ದ ಗೊತ್ತಿರುವ ಪಟ್ಟಿಗಳನ್ನು ವಸ್ತುವಿನ ಪಕ್ಕದಲ್ಲಿ ಬೇರೆ ಬೇರೆ ದಿಕ್ಕಿಗೆ ಇಡದಿದ್ದರೆ ಮಾದರಿ ನೋಡಲು ಚೆಂದವಾಗಿಯೇ ಇರುತ್ತದೆ, ಆದರೆ ಅದು ಎಷ್ಟು ದೊಡ್ಡದೆಂದು ಯಾರೂ ಹೇಳಲಾರರು.

ಇದರ ಶಕ್ತಿ ದೊಡ್ಡ ಕೆಲಸಗಳಲ್ಲಿ ಕಂಡಿದೆ. 1564ರ ಯುದ್ಧದಲ್ಲಿ ಮುಳುಗಿ 2011ರಲ್ಲಿ ಪತ್ತೆಯಾದ ಸ್ವೀಡನ್ನಿನ ಮಾರ್ಸ್ ಹಡಗು ಬಾಲ್ಟಿಕ್ ಕಡಲ ಕತ್ತಲಲ್ಲಿದ್ದರೂ ಫೋಟೊ ಜೋಡಣೆಯಿಂದ ಇಡಿಯಾಗಿ ಕಣ್ಣಿಗೆ ಬಿತ್ತು. 2022ರಲ್ಲಿ ಟೈಟಾನಿಕ್ ಅವಶೇಷದ ಏಳು ಲಕ್ಷಕ್ಕೂ ಹೆಚ್ಚು ಚಿತ್ರಗಳನ್ನು ತೆಗೆದು ಪೂರ್ಣ ಮಾದರಿ ಕಟ್ಟಿದರು. 3,800 ಮೀಟರ್ ಆಳದಲ್ಲಿ ಯಾವ ಮನುಷ್ಯನೂ ಒಂದೇ ನೋಟದಲ್ಲಿ ಕಾಣಲಾಗದ್ದನ್ನು ಈ ಮಾದರಿ ತೋರಿಸಿತು.

ಒಳಗಿನದು, ಮೇಲಿನದು, ದೂರದ್ದು

ಕೆಲವು ಪ್ರಶ್ನೆಗಳಿಗೆ ಮೇಲ್ಮೈ ಉತ್ತರ ಕೊಡುವುದಿಲ್ಲ. ಕಡಲಲ್ಲಿ ಬಿದ್ದ ಕಬ್ಬಿಣದ ಸುತ್ತ ಸುಣ್ಣ, ಮರಳು, ಚಿಪ್ಪು ಸೇರಿ ಗಟ್ಟಿ ಗಂಟು ಕಟ್ಟುತ್ತದೆ. ಎಷ್ಟೋ ಸಲ ಒಳಗಿನ ಕಬ್ಬಿಣ ಪೂರ್ತಿ ಕರಗಿಹೋಗಿ ಅದರ ಆಕಾರದ ಟೊಳ್ಳು ಮಾತ್ರ ಉಳಿದಿರುತ್ತದೆ. ಆಸ್ಪತ್ರೆಯಲ್ಲಿ ರೋಗಿಗೆ ಮಾಡುವ ಸಿಟಿ ಸ್ಕ್ಯಾನನ್ನೇ ಈ ಗಂಟಿಗೂ ಮಾಡಿದರೆ ಟೊಳ್ಳಿನ ಆಕಾರ ಸಿಗುತ್ತದೆ, ಅದನ್ನು ಮುದ್ರಿಸಿದರೆ ಇಲ್ಲವಾದ ಸಲಕರಣೆ ಮತ್ತೆ ಕೈಗೆ ಬರುತ್ತದೆ. ಗ್ರೀಸಿನ ಆಂಟಿಕಿತೆರಾ ಬಳಿ ಮುಳುಗಿದ್ದ ಹಡಗಿನಿಂದ 1901ರಲ್ಲಿ ಮೇಲೆ ಬಂದ ಕಂಚಿನ ಯಂತ್ರದ ಕಥೆ ಇದಕ್ಕೆ ದೊಡ್ಡ ಸಾಕ್ಷಿ. ಅದರ ಗುಟ್ಟಿನ ಬಹುಪಾಲು ಒಂದು ಶತಮಾನ ತುಕ್ಕಿನ ಮುದ್ದೆಯೊಳಗೇ ಅಡಗಿತ್ತು. 2005ರಲ್ಲಿ ಎಂಟು ಟನ್ನಿನ ಎಕ್ಸ್-ರೇ ಯಂತ್ರವನ್ನೇ ಅಥೆನ್ಸಿನ ಮ್ಯೂಸಿಯಮ್ಮಿಗೆ ಸಾಗಿಸಿ ನೋಡಿದಾಗ, ಒಳಗಿನ ಹಲ್ಲುಗಾಲಿಗಳೂ ಯಾರೂ ಓದದ ಬರಹಗಳೂ ಹೊರಬಂದವು. ಗ್ರಹಣಗಳನ್ನು ಮುಂಚೆಯೇ ಹೇಳುವ ಯಂತ್ರ ಅದೆಂದು ಖಚಿತವಾಯಿತು.

ಅಲ್ಲಿ ಬಳಸಿದ ಇನ್ನೊಂದು ಉಪಾಯ ನಮಗೆ ತೀರ ಕೈಗೆಟಕುವಂಥದ್ದು. ಕ್ಯಾಮೆರಾವನ್ನು ಅಲುಗಾಡದಂತೆ ನಿಲ್ಲಿಸಿ, ದೀಪವನ್ನು ಮಾತ್ರ ಹತ್ತಾರು ದಿಕ್ಕಿನಲ್ಲಿ ಹಿಡಿದು ಫೋಟೊ ತೆಗೆಯುವುದು. ತಂತ್ರಾಂಶ ಇವನ್ನು ಕೂಡಿಸಿದರೆ, ಪರದೆಯ ಮೇಲೆ ಬೇಕಾದ ಕಡೆಯಿಂದ ಬೆಳಕು ಬಿಟ್ಟು ನೋಡಬಹುದು. ಟಾಮ್ ಮಾಲ್ಜ್‌ಬೆಂಡರ್ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಈ ವಿಧಾನದಿಂದ ನಾಣ್ಯದ ಸವೆದ ಅಕ್ಷರ, ತೋಪಿನ ಮೇಲಿನ ಲಾಂಛನ, ಹಂಚಿನ ಮೇಲಿನ ಮುದ್ರೆ ಓದಬಹುದು. ಆಳದ ಅಳತೆ ಇದರಿಂದ ನೇರವಾಗಿ ಸಿಗದು, ಓದಲು ಮಾತ್ರ ಇದಕ್ಕೆ ಸಮನಿಲ್ಲ.

ಇಡೀ ತಾಣವನ್ನು ಹುಡುಕುವಾಗ ಬೆಳಕು ಸಾಲದು, ಶಬ್ದ ಬೇಕು. ದೋಣಿಯಿಂದ ಬೀಸಣಿಗೆಯಂತೆ ಶಬ್ದದ ಕಿರಣಗಳನ್ನು ಬಿಟ್ಟು ಅವು ಮರಳುವ ಹೊತ್ತಿನಿಂದ ತಳದ ಏರಿಳಿತ ಅಳೆಯುವ ಸೋನಾರು, ಬಗ್ಗಡದ ನೀರಿನಲ್ಲೂ ಕೆಲಸ ಮಾಡುತ್ತದೆ. ಅದರ ಕಣ್ಣಿಗೆ ಹಡಗು ಬೀಳುತ್ತದೆ, ಬೋಕಿ ಬೀಳುವುದಿಲ್ಲ. ನೀರಡಿಯ ಶಬ್ದದ ಅಧ್ಯಯನವನ್ನೂ ಮಾಡುವ ಮ್ಯಾರಿಟೈಮ್ ರಿಸರ್ಚ್ ಸೆಂಟರ್ ಪುಣೆಯಲ್ಲೇ ಇದೆ. ಕಡಲಿಲ್ಲದ ನಗರವೂ ಕಡಲಿನ ಕೆಲಸಕ್ಕೆ ಹೆಗಲು ಕೊಡಬಹುದು ಎಂಬುದಕ್ಕೆ ಇದೊಂದು ಪುರಾವೆ.

ನಮ್ಮ ತೀರದ ಎರಡು ವಸ್ತುಗಳು

ಇಷ್ಟೆಲ್ಲ ವಿಧಾನಗಳ ಬೆಲೆ ತಿಳಿಯಬೇಕಾದರೆ ನಮ್ಮದೇ ವಸ್ತುಗಳ ಮುಂದೆ ಕೂರಬೇಕು. ಮೊದಲನೆಯದು ಕಲ್ಲಿನ ಲಂಗರು. ಗುಜರಾತು, ಮಹಾರಾಷ್ಟ್ರ, ಗೋವಾ ತೀರಗಳಲ್ಲಿ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯವರು ಇವನ್ನು ಸಾಕಷ್ಟು ಗುರುತಿಸಿದ್ದಾರೆ. ನಡುವೆ ಒಂದು ತೂತಿರುವ ಉಂಗುರದ ಕಲ್ಲು, ಮೂರು ತೂತಿನ ತ್ರಿಕೋನದ ಕಲ್ಲು, ಕಂಬದಂತೆ ಉದ್ದವಾಗಿ ಮೇಲೊಂದು ದುಂಡು ತೂತು, ಕೆಳಗೆ ಒಂದಕ್ಕೊಂದು ಅಡ್ಡಲಾಗಿ ಎರಡು ಚೌಕ ತೂತುಗಳಿರುವ ಇಂಡೋ–ಅರೇಬಿಯನ್ ಲಂಗರು. ಕಾಗದದ ಮೇಲೆ ಉದ್ದ, ಅಗಲ, ದಪ್ಪ ಬರೆದರೆ ಲಂಗರಿನ ತೂಕ ಅಂದಾಜಿಗೆ ಮಾತ್ರ ಸಿಗುತ್ತದೆ. ಕಲ್ಲು ಮೇಲಿನಿಂದ ಕೆಳಕ್ಕೆ ದಪ್ಪವಾಗುತ್ತ ಹೋಗಿರುತ್ತದೆ, ಒಂದು ಮೂಲೆ ಮುರಿದಿರುತ್ತದೆ. ತ್ರೀಡಿ ಮಾದರಿಯಿಂದ ಘನಗಾತ್ರ ನೇರವಾಗಿ ಸಿಗುತ್ತದೆ. ಮಾದರಿಯ ಪ್ರಕಾರ ಕಲ್ಲು 40 ಲೀಟರಿನಷ್ಟು ಜಾಗ ಹಿಡಿಯುತ್ತದೆ ಎಂದಿಟ್ಟುಕೊಳ್ಳಿ. ಗ್ರಾನೈಟಿನ ಸಾಂದ್ರತೆ 2.65 ಎಂದು ಹಿಡಿದರೆ ದಡದಲ್ಲಿ ಅದರ ತೂಕ 106 ಕಿಲೋ. ಕಡಲ ನೀರಿನಲ್ಲಿ ಅಷ್ಟೇ ಜಾಗದ ನೀರಿನ ತೂಕ ಕಳೆದು ಸುಮಾರು 65 ಕಿಲೋ ಉಳಿಯುತ್ತದೆ. ಹಡಗನ್ನು ಹಿಡಿದು ನಿಲ್ಲಿಸುತ್ತಿದ್ದದ್ದು ಈ 65 ಕಿಲೋ. ಮುರಿದ ಮೂಲೆಯನ್ನು ಪರದೆಯ ಮೇಲೆ ತುಂಬಿಸಿ ಮೂಲ ತೂಕವನ್ನೂ ತಿಳಿಯಬಹುದು. ತೂತಿನ ಅಂಚಿನಲ್ಲಿ ಹಗ್ಗ ಉಜ್ಜಿದ ಸವೆತ ಯಾವ ಕಡೆಗಿದೆ ಎಂಬುದರಿಂದ ಅದನ್ನು ಹೇಗೆ ಎಳೆಯುತ್ತಿದ್ದರೆಂದು ಊಹಿಸಬಹುದು. ಮಾದರಿಗಳು ಒಂದೆಡೆ ಸೇರಿದರೆ ದ್ವಾರಕೆಯ ಲಂಗರನ್ನೂ ವಿಜಯದುರ್ಗದ ಲಂಗರನ್ನೂ ಒಮಾನಿನ ಲಂಗರನ್ನೂ ಪಕ್ಕಪಕ್ಕದಲ್ಲಿಟ್ಟು ಹೋಲಿಸಬಹುದು.

ಎರಡನೆಯದು ಮಂಗಳೂರಿನದು. ಗೋವಾದ ಹೊರಗಿನ ಸೇಂಟ್ ಜಾರ್ಜ್ಸ್ ಬಂಡೆಸಾಲಿನಲ್ಲಿ ಇದೇ ಸಂಸ್ಥೆಯವರು ಹುಡುಕಿದಾಗ ಸುಟ್ಟಮಣ್ಣಿನ ಸರಕಿನ ರಾಶಿ ಕಂಡಿತು: ಮಾಡಿನ ನೆತ್ತಿಯ ಹಂಚುಗಳು, ಹೊಗೆಗೂಡಿನ ಇಟ್ಟಿಗೆಗಳು, ಕೊರಿಂಥಿಯನ್ ಶೈಲಿಯ ಕಂಬದ ಬೋದಿಗೆಗಳು, ಟೊಳ್ಳು ಕಂಬದ ದಿಂಡುಗಳು. ಬಾಸೆಲ್ ಮಿಷನ್ ಟೈಲ್ ವರ್ಕ್ಸ್ 1865 ಎಂಬ ಮುದ್ರೆ ಅವುಗಳ ಊರನ್ನು ಹೇಳಿತು. ನೇತ್ರಾವತಿ, ಗುರುಪುರ ಹೊಳೆಗಳ ಜೇಡಿಯನ್ನು ಸುಟ್ಟು ಮಾಡಿದ ಸರಕು ಅದು. ಹಡಗಿನ ಮರ ಉಳಿದಿರಲಿಲ್ಲ, ಹೊತ್ತ ಹೊರೆ ಮಾತ್ರ ಉಳಿದಿತ್ತು. 1865 ಎಂಬುದು ಕಾರ್ಖಾನೆ ಶುರುವಾದ ವರ್ಷ, ಹಂಚು ಸುಟ್ಟ ವರ್ಷವೇ ಅದಾಗಿರಬೇಕಿಲ್ಲ. ಹಾಗಾದರೆ ಕಾಲವನ್ನು ಹೇಗೆ ತಿಳಿಯುವುದು? ಹಂಚಿನ ಅಚ್ಚುಗಳು ಬಳಸಿದಂತೆ ಸವೆಯುತ್ತವೆ, ಅಕ್ಷರದ ಅಂಚು ಮೊಂಡಾಗುತ್ತದೆ, ಒಡೆದ ಮೂಲೆ ಪ್ರತಿ ಹಂಚಿನಲ್ಲೂ ಮರುಕಳಿಸುತ್ತದೆ. ಕಾಲ ಗೊತ್ತಿರುವ ಕರಾವಳಿಯ ಹಳೆ ಮನೆಗಳ ಹಂಚುಗಳ ಮುದ್ರೆಯನ್ನೂ ಕಡಲಡಿಯ ಹಂಚುಗಳ ಮುದ್ರೆಯನ್ನೂ ಸೂಕ್ಷ್ಮವಾಗಿ ಸ್ಕ್ಯಾನ್ ಮಾಡಿ ಹೋಲಿಸಿದರೆ ಒಂದೇ ಅಚ್ಚಿನಿಂದ ಬಂದವನ್ನು ಗುರುತಿಸಬಹುದು. ಮಂಗಳೂರಿನ ಮಾಡಿನ ಮೇಲಿನ ಹಂಚು ಗೋವಾದ ಕಡಲೊಳಗಿನ ಹಡಗಿನ ಕಾಲವನ್ನು ಹೇಳಬಲ್ಲದು. ಇದಕ್ಕೆ ಮುಳುಗುವ ಖರ್ಚೂ ಇಲ್ಲ, ಮನೆ ಕೆಡಹುವ ಮುಂಚೆ ಒಂದು ಮಧ್ಯಾಹ್ನ ಬೇಕು, ಅಷ್ಟೆ.

ಮಾದರಿ ಇದ್ದರೆ ಸಾಕೇ?

ಈ ಕ್ಷೇತ್ರದೊಳಗೆ ನಡೆಯುತ್ತಿರುವ ಮುಖ್ಯ ವಾದ ಇದು. ಸ್ಕ್ಯಾನರು ಎಲ್ಲವನ್ನೂ ಸಮನಾಗಿ ದಾಖಲಿಸುತ್ತದೆ, ಯಾವುದನ್ನೂ ಅರ್ಥಮಾಡಿಕೊಳ್ಳುವುದಿಲ್ಲ. ಕೋಟಿ ಬಿಂದುಗಳ ನಡುವೆ ಮೊಳೆಯ ತೂತು ಯಾವುದೆಂದು ಹೇಳುವವರು ಇಲ್ಲದಿದ್ದರೆ ದಾಖಲೆ ಮೂಕ. ತೋಳಿನಿಂದ ಗೆರೆ ಎಳೆದವರು ಅರ್ಥವನ್ನು ದಾಖಲಿಸಿದ್ದಾರೆ, ಆದರೆ ಅವರು ಮುಖ್ಯವಲ್ಲ ಎಂದುಕೊಂಡು ಬಿಟ್ಟದ್ದು ಶಾಶ್ವತವಾಗಿ ಹೋಯಿತು. ಅನುಭವಿಗಳು ಎರಡನ್ನೂ ಕೂಡಿಸುತ್ತಾರೆ: ಮೊದಲು ಸ್ಕ್ಯಾನ್, ಆಮೇಲೆ ವಸ್ತುವನ್ನು ಕೈಯಲ್ಲಿ ಹಿಡಿದುಕೊಂಡೇ ಆ ಮಾದರಿಯ ಮೇಲೆ ತಿಳಿದವರ ಗೆರೆ. ನನ್ನ ಮಟ್ಟಿಗೂ ಇದೇ ಸರಿಯಾದ ದಾರಿ. ಬಾಚಿಯ ಪೆಟ್ಟನ್ನು ಗುರುತಿಸಲು ದೋಣಿ ಕಟ್ಟುವ ಆಚಾರಿಯ ಕಣ್ಣು ಬೇಕು. ಉರು, ಮಚವೆ, ಮಂಜಿ ಕಟ್ಟಿದವರ ಮಕ್ಕಳು ಕರಾವಳಿಯಲ್ಲಿ ಇನ್ನೂ ಇದ್ದಾರೆ. ಅವರನ್ನು ಪರದೆಯ ಮುಂದೆ ಕೂರಿಸಿ ಕೇಳಬೇಕು.

ಕಾಣದ ಭಾಗವನ್ನು ತುಂಬಿಸುವಾಗ ಪ್ರಾಮಾಣಿಕತೆ ಬೇಕು. ಯಾವುದು ಅಳೆದದ್ದು, ಯಾವುದು ಊಹಿಸಿದ್ದು ಎಂಬುದನ್ನು ಬೇರೆ ಬಣ್ಣದಲ್ಲಿ ತೋರಿಸಬೇಕು; ಡಿಜಿಟಲ್ ಮರುರಚನೆಯ ಶಿಸ್ತಿಗಾಗಿ ಬಂದ ಲಂಡನ್ ಸನ್ನದು, ಸೆವಿಲ್ ತತ್ವಗಳು ಒತ್ತಿ ಹೇಳುವ ಪಾರದರ್ಶಕತೆಯ ತಿರುಳು ಅದೇ. ಹೊಸ ಕೃತಕ ಬುದ್ಧಿಯ ವಿಧಾನಗಳು ಕೆಲವೇ ಫೋಟೊಗಳಿಂದ ಕಣ್ಣು ಕೋರೈಸುವ ದೃಶ್ಯ ಕಟ್ಟಿಕೊಡುತ್ತವೆ. ನೋಡುವುದಕ್ಕೆ ಅವು ಒಳ್ಳೆಯವು, ಅಳತೆಯ ಸಾಕ್ಷಿಯಾಗಿ ನಿಲ್ಲಿಸುವ ಮುಂಚೆ ಪಟ್ಟಿ ಹಿಡಿದು ಪರೀಕ್ಷಿಸಬೇಕು.

ಊಹೆಯೂ ಅಳತೆಯೂ ಗೌರವದಿಂದ ಕೂಡಿದ ಕೆಲಸವೊಂದು ನಮ್ಮ ಕಾರವಾರದಲ್ಲೇ ಕಂಡಿತು. ಅಜಂತಾದ 5ನೇ ಶತಮಾನದ ಚಿತ್ರವನ್ನು ನೋಡಿ, ಹಲಗೆಗಳನ್ನು ಕಾಯರ್ ಹುರಿಯಿಂದ ಹೊಲಿದು ಕಟ್ಟಿದ ಹಡಗು, ಐಎನ್‌ಎಸ್‌ವಿ ಕೌಂಡಿನ್ಯ, 2025ರ ಮೇ 21ರಂದು ಕಾರವಾರದ ನೌಕಾನೆಲೆಯಲ್ಲಿ ನೌಕಾಪಡೆಗೆ ಸೇರಿತು. ಅದರ ಹಾಯಿಯ ಮೇಲೆ ಗಂಡಭೇರುಂಡವಿದೆ. ಎರಡು ಆಯಾಮದ ಚಿತ್ರ ಬಿಟ್ಟರೆ ಅಳತೆ ಏನೂ ಇರಲಿಲ್ಲ. ಬಾಬು ಶಂಕರನ್ ಅವರಂಥ ಹೊಲಿಗೆ ಹಡಗಿನ ಕುಶಲಿಗಳ ಕೈ, ಮದ್ರಾಸ್ ಐಐಟಿಯ ನೀರಿನ ಪರೀಕ್ಷೆ ಎರಡೂ ಸೇರಿ ಅದು ತೇಲಿತು. ಅಂಥ ಒಂದು ಹಳೆಯ ಹಡಗಿನ ತಳವಾದರೂ ಅಳತೆಯಾಗಿ ಉಳಿದಿದ್ದರೆ ಅವರ ದಾರಿ ಎಷ್ಟು ಹಗುರವಾಗುತ್ತಿತ್ತು.

ಕೊನೆಯ ತೊಡಕು ಉಳಿಸಿಕೊಳ್ಳುವುದು. ಮಾದರಿಗಿಂತ ಮುಖ್ಯವಾದದ್ದು ಅದನ್ನು ಹೆತ್ತ ಮೂಲ ಫೋಟೊಗಳು. ತಂತ್ರಾಂಶ ಸುಧಾರಿಸಿದಂತೆ ಅದೇ ಫೋಟೊಗಳಿಂದ ಇನ್ನೂ ಒಳ್ಳೆಯ ಮಾದರಿ ಬರುತ್ತದೆ. ಯಾವ ಕ್ಯಾಮೆರಾ, ಯಾವ ಪಟ್ಟಿ, ಯಾವ ದಿನ, ಎಷ್ಟು ತಪ್ಪು ಉಳಿಯಿತು ಎಂಬ ಟಿಪ್ಪಣಿ ಜತೆಗಿರಬೇಕು. ಯಾವ ಕಂಪನಿಯ ಹಂಗೂ ಇಲ್ಲದ ತೆರೆದ ರೂಪದಲ್ಲಿ, ಕಡಿಮೆಯೆಂದರೆ ಎರಡು ಊರುಗಳಲ್ಲಿ ಪ್ರತಿ ಇರಬೇಕು.

ಘಟ್ಟದ ಮೇಲಿನ ಕೈಗಳು, ಕೆಳಗಿನ ಕಲ್ಲುಗಳು

ಬಿ. ಎಲ್. ರೈಸ್ 19ನೇ ಶತಮಾನದ ಕೊನೆಯಲ್ಲಿ ಮೈಸೂರು ಸೀಮೆಯ ಶಾಸನಗಳನ್ನು ಎಪಿಗ್ರಾಫಿಯ ಕರ್ನಾಟಿಕದ ಸಂಪುಟಗಳಿಗೆ ಸೇರಿಸಿದರು. ಕಲ್ಲಿನ ಮೇಲೆ ಒದ್ದೆ ಕಾಗದ ಹಾಸಿ ತಟ್ಟಿ ಮಸಿ ಬಡಿದು ತೆಗೆದ ಪಡಿಯಚ್ಚು ಆ ಕಾಲದ ತ್ರೀಡಿ ದಾಖಲೆಯೇ ಸರಿ. ಅವರು ಕಂಡ ಕೆಲವು ಕಲ್ಲುಗಳು ಇಂದು ಜಾಗದಲ್ಲಿಲ್ಲ, ಅವರು ಉಳಿಸಿಕೊಟ್ಟ ಪಾಠದಿಂದ ಮಾತ್ರ ನಾವು ಆ ಊರುಗಳ ಚರಿತ್ರೆ ಬರೆಯುತ್ತೇವೆ. ಹಂಪಿಯನ್ನು ಡಿಜಿಟಲ್ ಆಗಿ ಕಟ್ಟುವ ಯೋಜನೆಯಲ್ಲಿ ಹುಬ್ಬಳ್ಳಿಯ ತಾಂತ್ರಿಕ ಕಾಲೇಜೂ ಕೈಜೋಡಿಸಿತ್ತು. ನೆಲದ ಮೇಲಿನದಕ್ಕೆ ಕನ್ನಡ ನಾಡು ಈ ವಿದ್ಯೆಯನ್ನು ಆಗಲೇ ಒಲಿಸಿಕೊಂಡಿದೆ. ಕಡಲಿನದಕ್ಕೆ ಇನ್ನೂ ಆ ಗಮನ ಬೇಕಾಗಿದೆ.

ಇಷ್ಟನ್ನೂ ನೋಡಿದ ಮೇಲೆ ನನ್ನ ತೀರ್ಮಾನ ಸರಳ. ನಮ್ಮ ತೀರಕ್ಕೆ ಮೊದಲು ಬೇಕಾದದ್ದು ದುಬಾರಿ ಯಂತ್ರವಲ್ಲ, ಶಿಸ್ತಿನ ಫೋಟೊ ವಿಧಾನ ಮತ್ತು ಅಳತೆಯ ಅಭ್ಯಾಸ. ದೊಡ್ಡ ಸಾಧನ ಕೆಲವೇ ವಸ್ತುಗಳಿಗೆ ಸಾಕು: ಮರ ಸಿಕ್ಕರೆ ತೋಳು, ಗಂಟು ಸಿಕ್ಕರೆ ಸಿಟಿ, ಮುದ್ರೆ ಸಿಕ್ಕರೆ ಓರೆ ಬೆಳಕು. ಉಳಿದ ಬಹುಪಾಲಿಗೆ ಒಂದು ಕ್ಯಾಮೆರಾ, ನಾಲ್ಕು ಅಳತೆ ಪಟ್ಟಿ, ಒಂದು ಬಣ್ಣದ ಹಲಗೆ, ಕಲಿತ ಇಬ್ಬರು. ಕಾರವಾರ, ಹೊನ್ನಾವರ, ಭಟ್ಕಳ, ಬಸರೂರು, ಮಂಗಳೂರಿನ ಪದವಿ ಕಾಲೇಜುಗಳ ಇತಿಹಾಸ ವಿಭಾಗಗಳು ಇದನ್ನು ಕಲಿಯಬಲ್ಲವು. ಕಲಿಸಬಲ್ಲವರು ಇಲ್ಲಿ, ನಿಗಡಿ–ಭೋಸರಿಯ ಕಾರ್ಖಾನೆಗಳಲ್ಲಿ ಇದ್ದಾರೆ; ಅವರಲ್ಲಿ ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯಿಂದ ಬಂದು ನೆಲೆಸಿದ ಕನ್ನಡಿಗರೂ ಇದ್ದಾರೆ. ದಿನವಿಡೀ ಗೇರಿನ ಹಲ್ಲನ್ನು ಅಳೆಯುವ ಕೈಗೆ ಲಂಗರಿನ ತೂತನ್ನು ಅಳೆಯುವುದು ಕಷ್ಟವೇನಲ್ಲ.

ಕಡಲಂಚಿನ ಊರುಗಳ ಗುಡಿಯಂಗಳದಲ್ಲೋ ಬಾವಿಕಟ್ಟೆಯ ಬಳಿಯೋ ತೂತುಬಿದ್ದ ಉದ್ದ ಕಲ್ಲೊಂದು ಕಂಡರೆ ಅದರ ಪಕ್ಕ ಒಂದು ಅಳತೆ ಪಟ್ಟಿ ಇಟ್ಟು, ಸುತ್ತ ಮೂರು ಸುತ್ತು ನಡೆದು, ನೂರೈವತ್ತು ಫೋಟೊ ತೆಗೆಯಿರಿ. ಕಲ್ಲನ್ನು ಕದಲಿಸಬೇಡಿ. ಊರಿನ ಹೆಸರು, ದಿನಾಂಕ, ಕಲ್ಲಿನ ಬಗ್ಗೆ ಅಲ್ಲಿಯ ಹಿರಿಯರು ಹೇಳಿದ ಮಾತು ಬರೆದಿಡಿ. ಮಾದರಿ ಯಾವಾಗ ಬೇಕಾದರೂ ಕಟ್ಟಬಹುದು. ಫೋಟೊ ಮಾತ್ರ ಕಲ್ಲು ಅಲ್ಲಿರುವಾಗಲೇ ತೆಗೆಯಬೇಕು.